ಓದುಗರ ಪ್ರಶ್ನೆ, ಪ್ರವಾಸಿಯ ಉತ್ತರ: ನಮೀಬಿಯಾದ ಮರಳು, ಮಂಜು ಮತ್ತು ಮನುಷ್ಯರು

ಆಫ್ರಿಕಾದ ನೈಋತ್ಯ ಅಂಚಿನ ನಮೀಬಿಯಾದಿಂದ ಎಂಟು ಚೀತಾಗಳು 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೊ ಅರಣ್ಯಕ್ಕೆ ಬಂದಿಳಿದ ಮೇಲೆ ಆ ಹೆಸರು ನಮ್ಮಲ್ಲೂ ಮನೆಮಾತಾಯಿತು. ಆ ದೇಶವನ್ನು ನೋಡಿ ಬರಬೇಕೆಂಬ ಆಸೆಯಿಂದ, ಇಲ್ಲವೇ ಬರಿಯ ಕುತೂಹಲದಿಂದ, ಓದುಗರು ಬರೆದ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇವೆ. ಅವುಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯನ್ನು ಪೂರ್ತಿಯಾಗಿ ನಮೀಬಿಯಾಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 63 ವರ್ಷ, ನನ್ನ ಪತ್ನಿಗೆ 60. ಇಬ್ಬರೂ ಆರೋಗ್ಯವಾಗಿದ್ದೇವೆ. ಹತ್ತು ದಿನಗಳಲ್ಲಿ ದಕ್ಷಿಣದ ಕಣಿವೆಯಿಂದ ಉತ್ತರದ ಗಡಿಯವರೆಗೆ ಇಡೀ ನಮೀಬಿಯಾವನ್ನು ತೋರಿಸುವುದಾಗಿ ಪ್ರವಾಸ ಏರ್ಪಡಿಸುವವರೊಬ್ಬರು ಹೇಳುತ್ತಿದ್ದಾರೆ. ಒಪ್ಪಬಹುದೆ? ನಾವೇ ಕಾರು ಓಡಿಸಿಕೊಂಡು ಹೋಗಲು ಸಾಧ್ಯವೆ? — ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಉತ್ತರ: ದಯವಿಟ್ಟು ಒಪ್ಪಬೇಡಿ. ನಮೀಬಿಯಾದ ವಿಸ್ತೀರ್ಣ ಸುಮಾರು 8.24 ಲಕ್ಷ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದಂಥ ನಾಲ್ಕು ರಾಜ್ಯಗಳನ್ನು ಒಳಗಿಟ್ಟರೂ ಜಾಗ ಉಳಿಯುತ್ತದೆ. ಅಲ್ಲಿನ ಜನಸಂಖ್ಯೆಯಾದರೋ ಸುಮಾರು 30 ಲಕ್ಷ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ನಡುವೆ ಮೂರು ತಾಸು ಒಂದು ಮನೆಯೂ ಕಾಣದಿರುವುದು ಅಲ್ಲಿ ಮಾಮೂಲು ಸಂಗತಿ. ಹತ್ತು ದಿನಗಳಲ್ಲಿ ಇಡೀ ದೇಶವನ್ನು ತೋರಿಸುತ್ತೇವೆ ಎನ್ನುವವರು ನಿಮಗೆ ತೋರಿಸುವುದು ವಾಹನದ ಕಿಟಕಿಯನ್ನು ಮಾತ್ರ. ಮರುಭೂಮಿಯ ಜೀವ ಕಣ್ಣಿಗೆ ಬೀಳಬೇಕಾದರೆ ಬೆಳಗಿನ ಜಾವ ಮತ್ತು ಮುಸ್ಸಂಜೆ ಒಂದೇ ಜಾಗದಲ್ಲಿ ಸುಮ್ಮನೆ ಕೂತಿರಬೇಕು. ಅವಸರದ ಪ್ರವಾಸದಲ್ಲಿ ಆ ಎರಡು ಹೊತ್ತುಗಳೇ ಪೆಟ್ಟಿಗೆ ಕಟ್ಟುವುದರಲ್ಲಿ ಮತ್ತು ಊರು ಸೇರುವ ಧಾವಂತದಲ್ಲಿ ಕಳೆದುಹೋಗುತ್ತವೆ.

ನನ್ನ ಸಲಹೆ ಹದಿನಾಲ್ಕು ರಾತ್ರಿಗಳು ಮತ್ತು ದೇಶದ ಅರ್ಧ ಭಾಗ ಮಾತ್ರ. ರಾಜಧಾನಿ ವಿಂಡ್‌ಹುಕ್‌ನಲ್ಲಿ ಒಂದು ರಾತ್ರಿ ದಣಿವಾರಿಸಿಕೊಳ್ಳಿ. ಅಲ್ಲಿಂದ ಸುಮಾರು ಐದು ತಾಸಿನ ಪ್ರಯಾಣದಲ್ಲಿ ಸಿಗುವ ಸೆಸ್ರಿಯೆಮ್‌ನಲ್ಲಿ ಮೂರು ರಾತ್ರಿ ಉಳಿದು ಸೊಸುಸ್‌ವ್ಲೇಯ ಕೆಂಪು ಮರಳ ದಿಬ್ಬಗಳನ್ನು ನೋಡಿ. ಕಡಲ ತೀರದ ಸ್ವಾಕೊಪ್ಮುಂಡ್‌ನಲ್ಲಿ ಎರಡು, ಬಂಡೆಗಳ ನಾಡಾದ ದಮಾರಲ್ಯಾಂಡ್‌ನಲ್ಲಿ ಎರಡು, ಎತೋಶಾ ರಾಷ್ಟ್ರೀಯ ಉದ್ಯಾನದಲ್ಲಿ ನಾಲ್ಕು, ಹಿಂದಿರುಗುವಾಗ ಒಚಿವಾರೊಂಗೊದಲ್ಲಿ ಒಂದು, ಕೊನೆಯ ರಾತ್ರಿ ಮತ್ತೆ ವಿಂಡ್‌ಹುಕ್. ದಕ್ಷಿಣದ ಫಿಶ್ ರಿವರ್ ಕಣಿವೆಯನ್ನೂ, ವಜ್ರದ ಗಣಿಗಾರರು ಬಿಟ್ಟುಹೋದ ಮನೆಗಳೊಳಗೆ ಮೊಳಕಾಲುದ್ದ ಮರಳು ತುಂಬಿರುವ ಕೋಲ್ಮನ್ಸ್‌ಕೊಪ್ ಎಂಬ ಪಾಳು ಊರನ್ನೂ ನಾನು ಬೇಕೆಂದೇ ಬಿಟ್ಟಿದ್ದೇನೆ. ಅವೆರಡೂ ನೋಡತಕ್ಕವೇ ಆದರೂ ಅವುಗಳಿಗಾಗಿ ಎತೋಶಾದ ದಿನಗಳನ್ನು ಕಡಿತಗೊಳಿಸಿದರೆ ನಿಮಗೆ ನಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಣ ಚಳಿಗಾಲ ಇದಕ್ಕೆಲ್ಲ ಸರಿಯಾದ ಸಮಯ. ರಾತ್ರಿ ಚಳಿ ಕೊರೆಯುತ್ತದೆ, ಕೆಲವೆಡೆ ಸೊನ್ನೆ ಡಿಗ್ರಿಯ ಹತ್ತಿರಕ್ಕೂ ಇಳಿಯುತ್ತದೆ. ಮರುಭೂಮಿ ತಾನೇ ಎಂದುಕೊಂಡು ಸ್ವೆಟರ್ ಬಿಟ್ಟು ಹೋಗಬೇಡಿ.

ಇನ್ನು ಕಾರಿನ ಮಾತು. ಅಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುತ್ತಾರೆ, ಸ್ಟೀರಿಂಗ್ ಬಲಗಡೆಗೇ ಇರುತ್ತದೆ, ದಟ್ಟಣೆ ಎಂಬುದಿಲ್ಲ. ಇಲ್ಲಿಂದಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋದರೆ ನೀವೇ ಓಡಿಸಬಹುದು. ಆದರೆ ಹೆದ್ದಾರಿ ಬಿಟ್ಟ ಮೇಲೆ ಹೆಚ್ಚಿನವು ಜಲ್ಲಿ ರಸ್ತೆಗಳು. ಅಗಲವಾಗಿ, ನೇರವಾಗಿ, ಖಾಲಿಯಾಗಿ ಕಾಣುವ ಆ ರಸ್ತೆಗಳಲ್ಲಿ ವೇಗ ಹೆಚ್ಚಿಸುವ ಆಸೆಯಾಗುತ್ತದೆ, ಪ್ರವಾಸಿಗರ ವಾಹನಗಳು ಮಗುಚಿ ಬೀಳುವುದು ಅಲ್ಲಿಯೇ. ಗಂಟೆಗೆ 70 ಕಿಲೋಮೀಟರ್ ದಾಟಬೇಡಿ. ಎರಡು ಸ್ಟೆಪ್ನಿ ಇರುವ ವಾಹನವನ್ನೇ ಕೇಳಿ ಪಡೆಯಿರಿ, ಜಾಕ್ ಎಲ್ಲಿದೆ, ಅದು ಕೆಲಸ ಮಾಡುತ್ತದೆಯೇ ಎಂಬುದನ್ನು ಬಾಡಿಗೆಗೆ ಕೊಡುವವರ ಅಂಗಳದಲ್ಲೇ ಬಿಚ್ಚಿ ನೋಡಿ. ನಾನು ಹಾಗೆ ನೋಡಿರಲಿಲ್ಲ. ಸಾಲಿಟೇರ್ ಎಂಬ ಪುಟ್ಟ ತಂಗುದಾಣ ದಾಟಿ, ಮಕರ ಸಂಕ್ರಾಂತಿ ವೃತ್ತದ ಫಲಕದ ಸಮೀಪ ಹಿಂದಿನ ಟಯರ್ ಸಿಡಿದಾಗ ಜಾಕಿನ ಹಿಡಿಕೆಯೇ ಇಲ್ಲವೆಂದು ಗೊತ್ತಾಯಿತು. ಒಂದೂವರೆ ತಾಸಿನ ಮೇಲೆ ಆ ದಾರಿಯಲ್ಲಿ ಬಂದ ಮೊದಲ ವಾಹನದವರು ಕೇಳುವ ಮೊದಲೇ ನಿಲ್ಲಿಸಿ, ಟಯರ್ ಬದಲಿಸಿ, ಎರಡು ಬಾಟಲಿ ನೀರು ಕೊಟ್ಟು ಹೋದರು. ನಿಂತ ವಾಹನವನ್ನು ಕಂಡರೆ ನಿಲ್ಲಿಸಿ ವಿಚಾರಿಸುವುದು ಅಲ್ಲಿಯ ರಸ್ತೆಯ ರೂಢಿ, ನೀವೂ ಹಾಗೆಯೇ ಮಾಡಬೇಕು. ಕತ್ತಲಾದ ಮೇಲೆ ಮಾತ್ರ ಯಾವ ಕಾರಣಕ್ಕೂ ವಾಹನ ಓಡಿಸಬೇಡಿ. ಕುಡು ಎಂಬ ದೊಡ್ಡ ಗಾತ್ರದ ಜಿಂಕೆಯಂಥ ಪ್ರಾಣಿ ದೀಪದ ಬೆಳಕಿಗೆ ಬೆದರಿ ನೇರ ಗಾಜಿನ ಮೇಲೇ ನೆಗೆಯುತ್ತದೆ.

ಪ್ರಶ್ನೆ: ಕಡಲಿಗೆ ಅಂಟಿಕೊಂಡೇ ಮರುಭೂಮಿ ಇರುವುದು ಹೇಗೆ ಸಾಧ್ಯ? ನಮಗೂ ಪಶ್ಚಿಮಕ್ಕೆ ಕಡಲಿದೆ, ಆದರೆ ಕರಾವಳಿಯಲ್ಲಿ ಮಳೆ ಸುರಿಯುತ್ತದೆ. ಅಲ್ಲಿಯ ಮರಳು ಕೆಂಪಗಿರುವುದೇಕೆ? — ಪದವಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ಇಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆಗಳು, ಏಕೆಂದರೆ ನಮೀಬಿಯಾವನ್ನು ಅರಿಯುವ ಬಾಗಿಲು ಇದೇ. ನಮ್ಮ ಅರಬ್ಬೀ ಸಮುದ್ರ ಬೆಚ್ಚಗಿನದು. ಅದರ ಮೇಲಿಂದ ಹಾದುಬರುವ ಗಾಳಿ ತೇವವನ್ನು ಹೊತ್ತು, ಪಶ್ಚಿಮ ಘಟ್ಟಕ್ಕೆ ತಾಗಿ, ಮೇಲೇರಿ ತಣಿದು ಮಳೆಯಾಗುತ್ತದೆ. ನಮೀಬಿಯಾದ ಅಂಚಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವ ಬೆಂಗ್ವೆಲಾ ಪ್ರವಾಹ ತಣ್ಣಗೆ ಕೊರೆಯುವ ನೀರು. ಅದರ ಮೇಲಿನ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೆಲಕ್ಕೆ ಒರಗಿಕೊಂಡೇ ಇರುತ್ತದೆ. ಮೇಲೇರದ ಗಾಳಿ ಮಳೆ ಕೊಡಲಾರದು. ಆದ್ದರಿಂದಲೇ ಆ ಕರಾವಳಿಯಲ್ಲಿ ವರ್ಷಕ್ಕೆ 25 ಮಿಲಿಮೀಟರ್‌ಗೂ ಕಡಿಮೆ ಮಳೆ ಬೀಳುತ್ತದೆ. ನಮ್ಮ ಆಗುಂಬೆಯಲ್ಲಿ ಮಳೆಗಾಲದ ಒಂದು ಮಧ್ಯಾಹ್ನಕ್ಕೆ ಅಷ್ಟು ಮಳೆ ಸಾಮಾನ್ಯ.

ಮಳೆ ಕೊಡದ ಆ ತಣ್ಣನೆಯ ಗಾಳಿ ಮಂಜನ್ನು ಕೊಡುತ್ತದೆ. ನಡುರಾತ್ರಿ ಕಳೆದ ಮೇಲೆ ಕಡಲಿನಿಂದ ಎದ್ದ ಮಂಜು ಒಳನಾಡಿಗೆ ಐವತ್ತು ಕಿಲೋಮೀಟರ್‌ಗೂ ಹೆಚ್ಚು ದೂರ ನುಗ್ಗಿ, ಬಿಸಿಲೇರುವ ಹೊತ್ತಿಗೆ ಮಾಯವಾಗುತ್ತದೆ. ನಮೀಬ್ ಮರುಭೂಮಿಯ ಬದುಕೆಲ್ಲ ಈ ನಾಲ್ಕಾರು ತಾಸಿನ ತೇವದ ಮೇಲೆ ನಿಂತಿದೆ. ಸ್ವಾಕೊಪ್ಮುಂಡ್ ಬಳಿಯ ಮರಳ ದಿಬ್ಬವೊಂದರ ನೆತ್ತಿಯಲ್ಲಿ ಬೆಳಿಗ್ಗೆ ಆರೂವರೆಗೆ ನಾನು ಕಂಡ ದೃಶ್ಯವನ್ನು ಹೇಳುತ್ತೇನೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ, ನೀಳ ಕಾಲಿನ ಕಪ್ಪು ದುಂಬಿಯೊಂದು ಏರಿನ ತುದಿಗೆ ಬಂದು, ಮಂಜು ಬೀಸುವ ದಿಕ್ಕಿಗೆ ಮುಖ ಮಾಡಿ, ತಲೆಯನ್ನು ಮರಳಿಗೆ ತಗ್ಗಿಸಿ ಹಿಂಭಾಗವನ್ನು ಮೇಲೆತ್ತಿ, ಶೀರ್ಷಾಸನ ಹಾಕಿದಂತೆ ನಿಂತಿತು. ಹತ್ತು ನಿಮಿಷ ಅಲುಗಲಿಲ್ಲ. ಬೆನ್ನಿನ ಮೇಲೆ ಮೊದಲು ಬೆವರಿನಂಥ ತೆಳು ಪಸೆ, ಆಮೇಲೆ ಸಾಸಿವೆ ಕಾಳಿನಷ್ಟು ಹನಿ, ಅದು ಇನ್ನೊಂದು ಹನಿಯನ್ನು ಕೂಡಿಕೊಂಡು ಬೆನ್ನಿನಿಂದ ಕೊರಳಿಗೆ, ಕೊರಳಿನಿಂದ ಬಾಯಿಗೆ ಜಾರಿತು. ಜೊತೆಗಿದ್ದ ಮಾರ್ಗದರ್ಶಿ ಉಸಿರು ಬಿಗಿಹಿಡಿದಿದ್ದರು, ನಾನೂ ಅಷ್ಟೆ. ನೀರು ಕುಡಿಯುವುದನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಹಿಂದೆಂದೂ ನೋಡಿರಲಿಲ್ಲ.

ಅದೇ ಬಯಲಿನಲ್ಲಿ ವೆಲ್ವಿಚಿಯಾ ಎಂಬ ಗಿಡವಿದೆ. ಅದು ತನ್ನ ಜೀವಮಾನದುದ್ದಕ್ಕೂ ಬಿಡುವುದು ಎರಡೇ ಎಲೆ. ಆ ಎರಡೇ ಎಲೆಗಳು ಬುಡದಿಂದ ಬೆಳೆಯುತ್ತಲೇ ಹೋಗಿ, ತುದಿಯಲ್ಲಿ ಗಾಳಿಗೆ ಸೀಳಿ ಸೀಳಿ ಹರಿದು, ನೋಡುವವರಿಗೆ ಹತ್ತಾರು ಎಲೆಗಳ ರಾಶಿಯಂತೆ ಕಾಣುತ್ತವೆ. ಸಾವಿರ ವರ್ಷಕ್ಕೂ ಮಿಕ್ಕಿ ಬದುಕಿರುವ ಗಿಡಗಳಿವೆ. ನೆಲಕ್ಕೆ ಬಿದ್ದ ಹಳೆಯ ಚಾಪೆಯಂತೆ ಕಾಣುವ ಈ ಗಿಡದ ಮುಂದೆ ಬಹಳ ಜನ ಎರಡು ನಿಮಿಷ ನಿಂತು ಹೊರಟುಬಿಡುತ್ತಾರೆ. ಅದು ಮೊಳೆತಾಗ ನಮ್ಮಲ್ಲಿ ರಾಷ್ಟ್ರಕೂಟರೋ ಕಲ್ಯಾಣದ ಚಾಲುಕ್ಯರೋ ಆಳುತ್ತಿದ್ದಿರಬಹುದು ಎಂದು ನೆನೆದರೆ ಕಾಲು ಕದಲುವುದಿಲ್ಲ.

ಮರಳಿನ ಕೆಂಪಿಗೆ ಕಾರಣ ಕಬ್ಬಿಣ. ಆರೆಂಜ್ ನದಿ ಕಡಲಿಗೆ ತಂದು ಸುರಿದ ಮರಳನ್ನು ಪ್ರವಾಹ ಮತ್ತು ಅಲೆಗಳು ಉತ್ತರಕ್ಕೆ ಸಾಗಿಸಿದವು, ಗಾಳಿ ಅದನ್ನು ಒಳನಾಡಿಗೆ ತೂರಿತು. ಪ್ರತಿ ಕಣದ ಮೇಲೂ ಕಬ್ಬಿಣದ ಅಂಶ ಕಾಲಾಂತರದಲ್ಲಿ ತುಕ್ಕುಗಟ್ಟಿ ತೆಳುವಾದ ಲೇಪವಾಗಿದೆ. ಆದ್ದರಿಂದ ಕಡಲ ಬಳಿಯ ಎಳೆಯ ದಿಬ್ಬಗಳು ಮಸುಕು ಹಳದಿಯಾಗಿಯೂ ಒಳಗಿನ ಹಳೆಯ ದಿಬ್ಬಗಳು ಕಡುಗೆಂಪಾಗಿಯೂ ಕಾಣುತ್ತವೆ. ಈ ಮರಳ ಕಡಲು 2013ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ನಡುವೆ ಡೆಡ್‌ವ್ಲೇ ಎಂಬ ಬಿಳಿ ಜೇಡಿಯ ತಟ್ಟೆಯೊಂದಿದೆ. ಹಿಂದೆ ಟ್ಸೌಚಾಬ್ ನದಿಯ ನೀರು ಅಲ್ಲಿಯವರೆಗೂ ಹರಿದು ಮರಗಳು ಬೆಳೆದಿದ್ದವು. ದಿಬ್ಬಗಳು ಸರಿದು ನದಿಯ ದಾರಿಯನ್ನು ಮುಚ್ಚಿದ ಮೇಲೆ, ಸುಮಾರು 600–700 ವರ್ಷಗಳ ಹಿಂದೆ ಮರಗಳು ಸತ್ತವು. ಕೊಳೆಯುವುದಕ್ಕೂ ತೇವ ಬೇಕಲ್ಲವೇ? ಅದೂ ಇಲ್ಲದ್ದರಿಂದ ಅವು ಬಿಸಿಲಿಗೆ ಕರಿಕಾಗಿ ಇಂದಿಗೂ ನಿಂತೇ ಇವೆ. ಅವುಗಳನ್ನು ಮುಟ್ಟಬೇಡಿ, ಒರಗಿ ಫೋಟೊ ತೆಗೆಸಿಕೊಳ್ಳಬೇಡಿ. ಸೆಸ್ರಿಯೆಮ್ ಹೆಬ್ಬಾಗಿಲಿನ ಒಳಗಿನ ವಸತಿಯಲ್ಲಿ ಉಳಿದವರಿಗೆ ಸೂರ್ಯೋದಯಕ್ಕೆ ಮುಂಚೆಯೇ ಹೊರಡಲು ಬಿಡುತ್ತಾರೆ. ಮೊದಲ ಬೆಳಕಿನಲ್ಲಿ ದಿಬ್ಬದ ಒಂದು ಮಗ್ಗುಲು ಕೆಂಡ, ಇನ್ನೊಂದು ಮಗ್ಗುಲು ಕಾಡಿಗೆ ಆಗುವ ಆ ಅರ್ಧ ತಾಸಿಗಾಗಿ ಒಳಗಿನ ವಸತಿಗೆ ಹೆಚ್ಚು ಹಣ ತೆತ್ತರೂ ಅದು ದಂಡವಲ್ಲ.

ಪ್ರಶ್ನೆ: ನಾಗರಹೊಳೆ, ಬಂಡೀಪುರ, ಕಬಿನಿಗಳಲ್ಲಿ ನಲವತ್ತಕ್ಕೂ ಹೆಚ್ಚು ಸಫಾರಿ ಮಾಡಿದ್ದೇನೆ. ಎತೋಶಾದಲ್ಲಿ ನನಗೆ ಹೊಸದೇನು ಸಿಕ್ಕೀತು? ನಮ್ಮ ದೇಶಕ್ಕೆ ಚೀತಾ ಕೊಟ್ಟವರು ತಮ್ಮ ಚೀತಾಗಳನ್ನು ಹೇಗೆ ಉಳಿಸಿಕೊಂಡಿದ್ದಾರೆ? — ವನ್ಯಜೀವಿ ಛಾಯಾಗ್ರಾಹಕ, ಮೈಸೂರು

ಉತ್ತರ: ನಮ್ಮ ಕಾಡಿನಲ್ಲಿ ಪ್ರಾಣಿಯನ್ನು ಹುಡುಕುತ್ತ ಹೋಗುತ್ತೇವೆ. ಎತೋಶಾದಲ್ಲಿ ನೀರಿನ ಪಕ್ಕದಲ್ಲಿ ವಾಹನ ನಿಲ್ಲಿಸಿ, ಎಂಜಿನ್ ಆರಿಸಿ ಕಾಯುತ್ತೇವೆ. ವ್ಯತ್ಯಾಸವೆಲ್ಲ ಇದರಲ್ಲಿದೆ. ಎತೋಶಾ ಎಂದರೆ ಅಲ್ಲಿಯ ಭಾಷೆಯಲ್ಲಿ ದೊಡ್ಡ ಬಿಳಿಯ ಸ್ಥಳ. ಸುಮಾರು 4,800 ಚದರ ಕಿಲೋಮೀಟರ್ ಹರಡಿದ ಉಪ್ಪಿನ ಹರವೊಂದು ಅದರ ನಡುವಿದೆ. ಆಗ ಈ ನಾಡನ್ನು ಆಳುತ್ತಿದ್ದ ಜರ್ಮನರು 1907ರಲ್ಲಿ ಕಾಯ್ದಿಟ್ಟ ಈ ಕಾಡು ಇಂದು 22 ಸಾವಿರ ಚದರ ಕಿಲೋಮೀಟರ್‌ಗಿಂತ ದೊಡ್ಡದು. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನ ಸುಮಾರು 870. ಒಣಗಾಲದಲ್ಲಿ ಇಷ್ಟು ವಿಸ್ತಾರದ ಪ್ರಾಣಿಗಳೆಲ್ಲ ಕೆಲವೇ ನೀರುಗುಂಡಿಗಳಿಗೆ ಬರಲೇಬೇಕು. ಬೆಳಿಗ್ಗೆ ಒಂಬತ್ತಕ್ಕೆ ಸ್ಪ್ರಿಂಗ್‌ಬಾಕ್ ಎಂಬ ಜಿಂಕೆಯಂಥ ಪ್ರಾಣಿಗಳ ಹಿಂಡು, ಅದರ ಹಿಂದೆ ಜೀಬ್ರಾಗಳು, ಸಿಂಹದ ವಾಸನೆ ಇದೆಯೇ ಎಂದು ಹತ್ತು ನಿಮಿಷ ಅನುಮಾನಿಸಿ ಕೊನೆಗೆ ಮುಂಗಾಲು ಅಗಲಿಸಿ ಬಾಗುವ ಜಿರಾಫೆ, ಮಧ್ಯಾಹ್ನಕ್ಕೆ ಬಿಳಿ ಮಣ್ಣು ಮೆತ್ತಿಕೊಂಡು ಸುಣ್ಣ ಬಳಿದ ಗೋಡೆಯಂತೆ ಬರುವ ಆನೆಗಳು, ಹೀಗೆ ಸರದಿ ನಡೆದಿರುತ್ತದೆ. ಇಲ್ಲಿ ನಿಮ್ಮ ಸ್ವಂತ ವಾಹನದಲ್ಲೇ ಓಡಾಡಬಹುದು, ಆದರೆ ಬೇಲಿ ಹಾಕಿದ ತಂಗುದಾಣಗಳನ್ನು ಬಿಟ್ಟು ಬೇರೆಲ್ಲೂ ಇಳಿಯುವಂತಿಲ್ಲ. ಸೂರ್ಯ ಮುಳುಗುವ ಮುನ್ನ ಒಳಗೆ ಸೇರಲೇಬೇಕು.

ಒಳಗೆ ಸೇರಿದ ಮೇಲೆಯೇ ನಿಜವಾದ ಹಬ್ಬ. ಒಕೌಕ್ವೇಯೊ ತಂಗುದಾಣದ ಕಲ್ಲುಗೋಡೆಯ ಆಚೆಗೆ ನೀರುಗುಂಡಿಯೊಂದಿದ್ದು, ರಾತ್ರಿಯಿಡೀ ಅದಕ್ಕೆ ಮಬ್ಬು ಬೆಳಕು ಬಿಟ್ಟಿರುತ್ತಾರೆ. ಕಂಬಳಿ ಹೊದ್ದು ಅಲ್ಲಿಯ ಬೆಂಚಿನ ಮೇಲೆ ಕೂತಿದ್ದ ಒಂದು ರಾತ್ರಿ, ಹನ್ನೊಂದರ ಸುಮಾರಿಗೆ, ಏಳು ಆನೆಗಳು ಕುಡಿಯುತ್ತಿದ್ದಾಗ ಒಂದು ಕಪ್ಪು ಘೇಂಡಾಮೃಗ ತನ್ನ ಮರಿಯೊಡನೆ ಬಂದು ಬೆಳಕಿನ ಅಂಚಿನಲ್ಲೇ ನಿಂತಿತು. ಆನೆಗಳು ಹೋಗುವವರೆಗೆ ಮುಕ್ಕಾಲು ತಾಸು ಅದು ಒಂದು ಹೆಜ್ಜೆ ಮುಂದಿಡಲಿಲ್ಲ. ಕ್ಯಾಮೆರಾಗಳ ಸದ್ದು ತಾನಾಗಿಯೇ ನಿಂತಿತ್ತು. ಕೊನೆಗೆ ತಾಯಿ ಮರಿ ಎರಡೂ ನೀರಿಗೆ ಬಾಯಿ ಹಚ್ಚಿದಾಗ ಆ ಸೊರ್ ಸೊರ್ ಸದ್ದು ಗೋಡೆಯ ಈಚೆಗೂ ಕೇಳುತ್ತಿತ್ತು. ನೀವು ಛಾಯಾಗ್ರಾಹಕರಾದ್ದರಿಂದ ಒಂದು ಮಾತು: ಘೇಂಡಾಮೃಗದ ಚಿತ್ರಗಳನ್ನು ಜಾಲತಾಣಗಳಲ್ಲಿ ಹಾಕುವಾಗ ಸ್ಥಳದ ಗುರುತು, ತೆಗೆದ ಹೊತ್ತು ಯಾವುದನ್ನೂ ತಿಳಿಸಬೇಡಿ. ಕೊಂಬಿಗಾಗಿ ಕೊಲ್ಲುವವರು ಅವನ್ನೇ ಹುಡುಕುತ್ತಿರುತ್ತಾರೆ.

ಮರುಭೂಮಿಯ ಪ್ರಾಣಿಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಓರಿಕ್ಸ್, ದೇಶದ ಲಾಂಛನದಲ್ಲೂ ಇರುವ ನೀಳ ನೇರ ಕೊಂಬಿನ ಸಾರಂಗ. ಬಿಸಿಲಿನಲ್ಲಿ ತನ್ನ ಮೈಯ ಶಾಖ 40 ಡಿಗ್ರಿ ದಾಟಿದರೂ ಅದು ಬೆವರಿ ನೀರು ಕಳೆದುಕೊಳ್ಳುವುದಿಲ್ಲ. ಮೂಗಿನಲ್ಲಿ ತಣಿದ ರಕ್ತ, ಮಿದುಳಿಗೆ ಹೋಗುವ ಬಿಸಿ ರಕ್ತದ ನಾಳಗಳಿಗೆ ತಾಗಿಕೊಂಡೇ ಹರಿದು ಅದನ್ನು ತಂಪು ಮಾಡುತ್ತದೆ. ಇನ್ನೊಂದು, ಕ್ಯಾಮೆಲ್‌ಥಾರ್ನ್ ಮರಗಳ ಮೇಲೆ ಹುಲ್ಲಿನ ಬಣವೆಯಂತೆ ಜೋತುಬಿದ್ದ ಗೂಡುಗಳನ್ನು ಗಮನಿಸಿ. ನಮ್ಮ ಗೀಜಗ ಸಂಸಾರಕ್ಕೊಂದು ಗೂಡು ನೇಯ್ದರೆ ಅಲ್ಲಿಯ ಗೀಜಗನ ಬಳಗದವು ನೂರಾರು ಹಕ್ಕಿಗಳು ಒಂದೇ ಮಾಡಿನಡಿ ವಠಾರ ಹೂಡುತ್ತವೆ.

ಚೀತಾಗಳ ಬಗ್ಗೆ ಹೇಳುವ ಮುನ್ನ ಒಂದು ಸ್ಪಷ್ಟನೆ: ಚೀತಾ ಬೇರೆ, ನಮ್ಮ ಚಿರತೆ ಬೇರೆ. ನಮ್ಮಲ್ಲಿ 1952ರಲ್ಲಿ ಚೀತಾ ಅಳಿಯಿತೆಂದು ಘೋಷಿಸಲಾಯಿತು. ನಮೀಬಿಯಾದಲ್ಲಿ ಅದು ಉಳಿದದ್ದು ಹೆಚ್ಚಾಗಿ ರಾಷ್ಟ್ರೀಯ ಉದ್ಯಾನಗಳ ಹೊರಗೆ, ಖಾಸಗಿ ಜಾನುವಾರು ಹೊಲಗಳಲ್ಲಿ. ಉದ್ಯಾನಗಳಲ್ಲಿ ಸಿಂಹವೂ ಕತ್ತೆಕಿರುಬವೂ ಅದರ ಬೇಟೆಯನ್ನು ಕಸಿಯುತ್ತವೆ, ಮರಿಗಳನ್ನು ಕೊಲ್ಲುತ್ತವೆ. ಹೊಲಗಳಲ್ಲಿ ಕುರಿ ಮೇಕೆ ಕಳೆದುಕೊಂಡ ರೈತರು ಅದನ್ನು ಗುಂಡಿಕ್ಕಿ ಕೊಲ್ಲುತ್ತಿದ್ದರು. ಒಚಿವಾರೊಂಗೊ ಸಮೀಪದ ಚೀತಾ ಕನ್ಸರ್ವೇಶನ್ ಫಂಡ್ ಎಂಬ ಸಂಸ್ಥೆ 1994ರಿಂದ ರೈತರಿಗೆ ಟರ್ಕಿಯ ಅನಟೋಲಿಯ ತಳಿಯ ಕಾವಲು ನಾಯಿಗಳನ್ನು ಕೊಡುತ್ತ ಬಂದಿದೆ. ಮರಿಯಾಗಿದ್ದಾಗಿನಿಂದ ಕುರಿಮಂದೆಯಲ್ಲೇ ಬೆಳೆದ ಈ ದೊಡ್ಡ ನಾಯಿ ಬೊಗಳಿ ಎದುರು ನಿಂತರೆ ಚೀತಾ ಜಗಳಕ್ಕೆ ನಿಲ್ಲದೆ ಸರಿದುಹೋಗುತ್ತದೆ, ಕುರಿಯೂ ಉಳಿಯುತ್ತದೆ, ಚೀತಾವೂ ಉಳಿಯುತ್ತದೆ. ಸಂದರ್ಶಕರಿಗೆ ಅಲ್ಲಿ ಪ್ರವೇಶವಿದೆ. ನಾನು ದಾರಿಯಲ್ಲಿ ಒಂದು ರಾತ್ರಿ ಅಲ್ಲಿಗಾಗಿ ಇಟ್ಟದ್ದು ಅದೇ ಕಾರಣಕ್ಕೆ.

ಇದರ ಜೊತೆಗೆ 1996ರ ಕಾಯ್ದೆಯೊಂದು ಊರಿನವರೇ ಸೇರಿ ತಮ್ಮ ಸುತ್ತಣ ವನ್ಯಜೀವಿಗಳನ್ನು ನೋಡಿಕೊಂಡು, ಅದರಿಂದ ಬರುವ ಆದಾಯವನ್ನು ತಾವೇ ಪಡೆಯುವ ಹಕ್ಕನ್ನು ಕೊಟ್ಟಿತು. ಇಂಥ ಸಮುದಾಯ ಸಂರಕ್ಷಣಾ ಪ್ರದೇಶಗಳು ಈಗ 86 ಇವೆ, ದೇಶದ ನೆಲದ ಸುಮಾರು ಐದನೆಯ ಒಂದು ಭಾಗ ಅವುಗಳದು. ಆದಾಯದ ಒಂದು ಪಾಲು ಪರವಾನಗಿ ಪಡೆದ ಬೇಟೆಯಿಂದಲೂ ಬರುತ್ತದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆದರೂ ಹುವಾಬ್ ನದಿಯ ಒಣ ಪಾತ್ರದಲ್ಲಿ ಮರುಭೂಮಿಯ ಆನೆಗಳು ತಮ್ಮ ತೋಟದ ನೀರಿನ ತೊಟ್ಟಿಯನ್ನು ಒಡೆದುಹಾಕಿದ್ದನ್ನು ತೋರಿಸಿದ ಹೆಂಗಸೊಬ್ಬರು, ಅದೇ ಆನೆಗಳನ್ನು ನೋಡಲು ಬಂದವರ ಹಣದಲ್ಲಿ ಮಗಳು ಓದುತ್ತಿದ್ದಾಳೆ ಎಂದೂ ಹೇಳಿದರು. ಆನೆಯ ದಾಳಿಗೆ ಬೆಳೆ ಕಳೆದುಕೊಳ್ಳುವ ನಮ್ಮ ಹಾಸನ, ಕೊಡಗಿನ ಜನರ ಕಷ್ಟವನ್ನು ಬಲ್ಲ ನೀವು ಆ ಮಾತಿನ ತೂಕವನ್ನು ಅರಿಯಬಲ್ಲಿರಿ.

ಪ್ರಶ್ನೆ: ನಮೀಬಿಯಾದ ಹಿಂಬಾ ಬುಡಕಟ್ಟಿನ ಮಹಿಳೆಯರ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಮುಜುಗರವಾಗುತ್ತದೆ. ಅವರ ಹಳ್ಳಿಗಳಿಗೆ ಪ್ರವಾಸ ಹೋಗುವುದು ಸರಿಯೆ? ಅದೇ ದೇಶದ ಹೆರೆರೊ ಹೆಂಗಸರು ಅಷ್ಟು ಸೆಕೆಯಲ್ಲಿ ನಿಲುವಂಗಿ ತೊಡುವುದೇಕೆ? — ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ನಿಮ್ಮ ಮುಜುಗರ ಸರಿಯಾದದ್ದೇ. ಹೋಗಬಾರದೆಂದು ನಾನು ಹೇಳುವುದಿಲ್ಲ, ನೆಂಟರ ಮನೆಗೆ ಹೋಗುವ ರೀತಿಯಲ್ಲಿ ಹೋಗಬೇಕು ಎನ್ನುತ್ತೇನೆ. ವಾಯವ್ಯದ ಒಪುವೊ ಊರಿನಲ್ಲಿ ಹಿಂಬಾ ಸಮುದಾಯದವರೇ ಆದ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು, ಅವರ ಮೂಲಕ ಹಿರಿಯರ ಒಪ್ಪಿಗೆ ಕೇಳಿದ ಮೇಲೆಯೇ ಹಟ್ಟಿಯೊಳಗೆ ಕಾಲಿಡಬೇಕು. ಮುಖ್ಯ ಗುಡಿಸಲಿಗೂ ದನದ ದೊಡ್ಡಿಗೂ ನಡುವೆ ಒಕುರುವೊ ಎಂಬ ಪವಿತ್ರ ಅಗ್ನಿ ಇರುತ್ತದೆ. ಪಿತೃಗಳೊಡನೆ ಮಾತಾಡುವುದು ಅದರ ಮುಂದೆ, ಆದ್ದರಿಂದ ಅಗ್ನಿಗೂ ಗುಡಿಸಲಿನ ಬಾಗಿಲಿಗೂ ನಡುವೆ ಹಾಯಬಾರದು. ನಮ್ಮ ದೇವರ ಮನೆಯ ಮುಂದೆ ಚಪ್ಪಲಿ ಮೆಟ್ಟಿ ನಡೆದಂತಾಗುತ್ತದೆ ಅದು. ಮಕ್ಕಳಿಗೆ ಮಿಠಾಯಿ ಹಂಚುವ ಬದಲು ಜೋಳದ ಹಿಟ್ಟು, ಎಣ್ಣೆ, ಸಕ್ಕರೆಯನ್ನು ಹಿರಿಯರ ಕೈಗೆ ಕೊಡಿ. "ಮೊರೊ" ಎಂದು ನಮಸ್ಕಾರ ಹೇಳಿ ಮೊದಲು ಅರ್ಧ ತಾಸು ಕೂರಿ, ಕ್ಯಾಮೆರಾ ಚೀಲದಲ್ಲೇ ಇರಲಿ.

ಚಿತ್ರಗಳಲ್ಲಿ ನೀವು ಕಂಡ ಕೆಂಪು ಬಣ್ಣದ ಹೆಸರು ಒಟ್ಜಿಜೆ. ಕೆಮ್ಮಣ್ಣಿನ ಕಲ್ಲನ್ನು ಅರೆದು ಬೆಣ್ಣೆಯ ಜಿಡ್ಡಿನಲ್ಲಿ ಕಲಸಿ, ಪರಿಮಳಕ್ಕೆ ಮರದ ಅಂಟು ಸೇರಿಸಿ ಮೈಗೂ ಜಡೆಗೂ ಹಚ್ಚಿಕೊಳ್ಳುತ್ತಾರೆ. ಬಿಸಿಲಿಗೆ ರಕ್ಷೆ, ನೀರಿಲ್ಲದ ನಾಡಿನಲ್ಲಿ ಶುಚಿ, ನೋಡಲು ಚೆಲುವು, ಮೂರೂ ಅದರಲ್ಲಿದೆ. ಜಡೆ ಹೆಣೆಯುವ ರೀತಿ ಆಕೆ ಬಾಲೆಯೋ, ಮದುವೆಯಾದವಳೋ ಎಂಬುದನ್ನು ಹೇಳುತ್ತದೆ. ಅದೇ ಹಟ್ಟಿಯ ಮಕ್ಕಳು ಶಾಲೆಗೂ ಹೋಗುತ್ತಾರೆ, ಯುವಕರ ಕೈಯಲ್ಲಿ ಮೊಬೈಲ್ ಇರುತ್ತದೆ. ಅದನ್ನು ಕಂಡು "ಅಸಲಿ ಅಲ್ಲ" ಎಂದು ಬೇಸರಿಸುವ ಪ್ರವಾಸಿಗರು ನನಗೆ ಎದುರಾಗಿದ್ದಾರೆ. ಯಾರೂ ನಮ್ಮ ಕಣ್ಣಿನ ತೃಪ್ತಿಗಾಗಿ ನೂರು ವರ್ಷ ಹಿಂದೆಯೇ ನಿಂತಿರಬೇಕಾಗಿಲ್ಲ.

ಹೆರೆರೊ ಮತ್ತು ಹಿಂಬಾ ಜನರ ನುಡಿ ಒಂದೇ, ಒಟ್ಜಿಹೆರೆರೊ. ಹೆರೆರೊ ಹೆಂಗಸರ ನೆಲಗುಡಿಸುವ ನಿಲುವಂಗಿ 19ನೆಯ ಶತಮಾನದಲ್ಲಿ ಬಂದ ಜರ್ಮನ್ ಪಾದ್ರಿಗಳ ಮನೆಯವರ ಉಡುಪಿನಿಂದ ಬಂದದ್ದು. ಆದರೆ ತಲೆಯ ಮೇಲೆ ದನದ ಕೊಂಬಿನಂತೆ ಎರಡು ಬದಿಗೆ ಚಾಚುವ ಮುಂಡಾಸು ಅವರದೇ ಕಲ್ಪನೆ, ಏಕೆಂದರೆ ದನವೇ ಅವರ ಸಿರಿ. ಈ ಉಡುಪಿನ ಹಿಂದೆ ಘೋರವಾದ ಕಥೆಯಿದೆ. ಜರ್ಮನರ ವಿರುದ್ಧ 1904ರಲ್ಲಿ ದಂಗೆಯೆದ್ದ ಹೆರೆರೊ ಜನರನ್ನು ವಾಟರ್‌ಬರ್ಗ್ ಕದನದ ನಂತರ ನೀರಿಲ್ಲದ ಒಮಾಹೆಕೆ ಮರುಭೂಮಿಗೆ ಅಟ್ಟಲಾಯಿತು. ಆ ವರ್ಷದ ಅಕ್ಟೋಬರ್ 2ರಂದು ಸೇನಾಧಿಪತಿ ಲೋಥರ್ ಫಾನ್ ಟ್ರೋಥಾ ಕಂಡಲ್ಲಿ ಕೊಲ್ಲುವ ಆಜ್ಞೆ ಹೊರಡಿಸಿದ. ನಾಮಾ ಜನಾಂಗಕ್ಕೂ ಅದೇ ಗತಿಯಾಯಿತು. ಉಳಿದವರನ್ನು ಲ್ಯೂಡೆರಿಟ್ಸ್ ಬಳಿಯ ಶಾರ್ಕ್ ದ್ವೀಪದಂಥ ಶಿಬಿರಗಳಲ್ಲಿ ಕೂಡಿಹಾಕಿದರು. ಜರ್ಮನಿ ಇದನ್ನು ನರಮೇಧವೆಂದು ಒಪ್ಪಿದ್ದು 2021ರ ಮೇ ತಿಂಗಳಲ್ಲಿ. ತಮ್ಮನ್ನು ಅಳಿಸಹೊರಟವರ ಉಡುಪನ್ನೇ ತಮ್ಮದನ್ನಾಗಿ ಮಾಡಿಕೊಂಡು, ಆಗಸ್ಟ್ ತಿಂಗಳಲ್ಲಿ ಒಕಹಾಂಜ ಊರಿನಲ್ಲಿ ಪೂರ್ವಜರ ಸಮಾಧಿಗಳಿಗೆ ಮೆರವಣಿಗೆ ಹೋಗುವ ಆ ಹೆಂಗಸರನ್ನು ಕಂಡರೆ, ಸೆಕೆಯ ಮಾತು ಬಾಯಿಗೆ ಬರುವುದಿಲ್ಲ.

ಭಾಷೆಯ ಬಗ್ಗೆ ಶಿಕ್ಷಕಿಯಾದ ನಿಮಗೆ ಇಷ್ಟವಾಗಬಹುದಾದ ಒಂದು ವಿಷಯ. ನಾಮಾ, ದಮಾರಾ ಮತ್ತು ಸಾನ್ ಜನರ ನುಡಿಗಳಲ್ಲಿ ನಾಲಗೆಯನ್ನು ಚಟಕ್ಕನೆ ಎಳೆದು ಮಾಡುವ ಧ್ವನಿಗಳಿವೆ. ಮರುಕಪಟ್ಟಾಗ ನಾವು ಲೊಚಗುಟ್ಟುವ ಸದ್ದು, ಎತ್ತನ್ನು ಮುಂದಕ್ಕೆ ಹೊಡೆಯುವಾಗ ಕೆನ್ನೆಯ ಬದಿಯಿಂದ ಮಾಡುವ ಸದ್ದು, ಇವೆರಡೂ ಅವರಿಗೆ ನಮ್ಮ ಕ, ತ, ಪ ಇದ್ದಂತೆ ವ್ಯಂಜನಗಳು. ಆ ಸದ್ದುಗಳೆಲ್ಲ ನಮ್ಮ ಬಾಯಲ್ಲೂ ಇವೆ, ಆದರೆ ಕಾಗುಣಿತದಲ್ಲಿ ಮಾತ್ರ ಇಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮಾಂಸವೇ ಪ್ರಧಾನವಾದ ದೇಶದಲ್ಲಿ ಹದಿನೈದು ದಿನ ಹೇಗೆ ಕಳೆಯುವುದು? — ಗೃಹಿಣಿ, ಉಡುಪಿ

ಉತ್ತರ: ಪಟ್ಟಣಗಳ ದೊಡ್ಡ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ತರಕಾರಿ, ಮೊಸರು ಧಾರಾಳವಾಗಿ ಸಿಗುತ್ತವೆ. ಅಡುಗೆಮನೆ ಇರುವ ವಸತಿಗಳನ್ನು ಆರಿಸಿಕೊಂಡು, ಇಲ್ಲಿಂದ ಅವಲಕ್ಕಿ, ಚಟ್ನಿಪುಡಿ, ಸಣ್ಣ ಕುಕ್ಕರ್ ಒಯ್ದರೆ ತೊಂದರೆಯಿಲ್ಲ. ವಸತಿಗೃಹಗಳಲ್ಲಿ ಮುಂಚಿತವಾಗಿ ತಿಳಿಸಿದರೆ ಮಾಡಿಕೊಡುತ್ತಾರೆ, ತಿಳಿಸದಿದ್ದರೆ ಬ್ರೆಡ್ಡೇ ಗತಿ. ನಿಮಗೆ ಸಂತೋಷ ಕೊಡುವ ಸಂಗತಿಯೊಂದಿದೆ: ಉತ್ತರದ ಓವಾಂಬೊ ಜನರ ಮುಖ್ಯ ಧಾನ್ಯ ಮಹಾಂಗು, ಅದು ನಮ್ಮ ಸಜ್ಜೆಯೇ. ಅದರ ಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸಿ ಗಟ್ಟಿ ಮಾಡಿದ ಒಶಿಫಿಮಾವನ್ನು ಕೈಯಿಂದ ಮುರಿದು, ಒಂಬಿಡಿ ಎಂಬ ಕಾಡುಸೊಪ್ಪಿನ ಪಲ್ಯಕ್ಕೆ ಅದ್ದಿ ತಿನ್ನುತ್ತಾರೆ. ಮುದ್ದೆ ಸೊಪ್ಪಿನ ಊಟ ಬಲ್ಲವರಿಗೆ ಅದು ಪರಕೀಯ ಎನಿಸುವುದೇ ಇಲ್ಲ. ಪಲ್ಯಕ್ಕೆ ಮಾಂಸದ ಸಾರು ಬೆರೆಸಿದ್ದಾರೆಯೇ ಎಂದು ಮಾತ್ರ ಕೇಳಿಕೊಳ್ಳಿ.

ಪ್ರಶ್ನೆ: ವೀಸಾ, ಲಸಿಕೆ, ಹಣ ಇವುಗಳ ಬಗ್ಗೆ ಸಂಕ್ಷಿಪ್ತವಾಗಿ ತಿಳಿಸಿ. — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಭಾರತೀಯರಿಗೆ ವೀಸಾ ಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ನವದೆಹಲಿಯ ನಮೀಬಿಯಾ ಹೈಕಮಿಷನ್‌ನಲ್ಲಿ ವಿಚಾರಿಸಿಯೇ ಟಿಕೆಟ್ ಕಾಯ್ದಿರಿಸಿ. ನೀವು ಇಥಿಯೋಪಿಯಾ ಅಥವಾ ಕೀನ್ಯಾದ ಮೂಲಕ ವಿಮಾನ ಬದಲಿಸುವುದಾದರೆ ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನಕ್ಕೆ ಮುಂಚೆಯೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಗಿಡಿ. ಹಿಂದಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಅದನ್ನು ಕೇಳಬಹುದು. ಉತ್ತರದ ಭಾಗಗಳಲ್ಲಿ, ಮುಖ್ಯವಾಗಿ ಮಳೆಗಾಲದಲ್ಲಿ, ಮಲೇರಿಯಾ ಇರುವುದರಿಂದ ವೈದ್ಯರ ಸಲಹೆ ಪಡೆಯಿರಿ. ನಮೀಬಿಯಾ ಡಾಲರ್ ದಕ್ಷಿಣ ಆಫ್ರಿಕಾದ ರ್‍ಯಾಂಡ್‌ಗೆ ಸರಿಸಮ, ಎರಡೂ ಚಲಾವಣೆಯಲ್ಲಿವೆ. ಹಳ್ಳಿಗಾಡಿನ ಪೆಟ್ರೋಲ್ ಬಂಕ್‌ಗಳಲ್ಲಿ ಕಾರ್ಡು ನಡೆಯದೆ ಹೋಗಬಹುದು, ನಗದು ಇಟ್ಟುಕೊಂಡಿರಿ. ಬಂಕ್ ಕಂಡಲ್ಲಿ ಟ್ಯಾಂಕ್ ತುಂಬಿಸುವುದನ್ನು ಮರೆಯಬೇಡಿ.

ಪ್ರಶ್ನೆ: ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ನಮೀಬಿಯಾದ ಆಕಾಶ ಬಹಳ ಕತ್ತಲು ಎಂದು ಓದಿದೆ. ಅಲ್ಲಿ ನಮ್ಮ ನಕ್ಷತ್ರಗಳೇ ಕಾಣುತ್ತವೆಯೆ? — ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಮಗು, ಕೆಲವು ನಮ್ಮವೇ ಕಾಣುತ್ತವೆ, ಆದರೆ ಬೇರೆ ಜಾಗದಲ್ಲಿ. ಧ್ರುವ ನಕ್ಷತ್ರ ಅಲ್ಲಿ ಕಾಣುವುದೇ ಇಲ್ಲ, ಅದು ಉತ್ತರ ದಿಗಂತದ ಕೆಳಗೇ ಉಳಿದುಬಿಡುತ್ತದೆ. ನಮ್ಮಲ್ಲಿ ದಕ್ಷಿಣಕ್ಕೆ ವಾಲಿಕೊಂಡು ಸಾಗುವ ವೃಶ್ಚಿಕ ರಾಶಿ ಜುಲೈ ತಿಂಗಳ ರಾತ್ರಿ ಅಲ್ಲಿ ನೆತ್ತಿಯ ಮೇಲೆ ಬರುತ್ತದೆ, ಅದರ ಬಾಲದ ಪಕ್ಕದಲ್ಲಿ ಆಕಾಶಗಂಗೆಯ ಅತಿ ದಟ್ಟವಾದ ಭಾಗ ಹಾಲು ಚೆಲ್ಲಿದಂತೆ ಹರಡಿರುತ್ತದೆ. ದಕ್ಷಿಣದಲ್ಲಿ ಹತ್ತಿಯ ಎರಡು ತುಣುಕುಗಳಂತೆ ಕಾಣುವ ಮೆಗಲಾನಿಕ್ ಮೋಡಗಳು ನಿಜಕ್ಕೂ ಮೋಡಗಳಲ್ಲ, ನಮ್ಮ ಆಕಾಶಗಂಗೆಯ ನೆರೆಯ ಎರಡು ಗ್ಯಾಲಕ್ಸಿಗಳು. ಸೊಸುಸ್‌ವ್ಲೇಯ ದಕ್ಷಿಣಕ್ಕಿರುವ ನಮೀಬ್‌ರ್‍ಯಾಂಡ್ ಕಾಯ್ದಿಟ್ಟ ಪ್ರದೇಶವನ್ನು 2012ರಲ್ಲಿ ಅಂತರರಾಷ್ಟ್ರೀಯ ಕತ್ತಲ ಆಕಾಶದ ತಾಣವೆಂದು ಗುರುತಿಸಿದ್ದಾರೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿ ನಿಂತರೆ ನಕ್ಷತ್ರಗಳ ಬೆಳಕಿನಲ್ಲೇ ಮರಳ ಮೇಲಿನ ನಿನ್ನ ಹೆಜ್ಜೆ ಕಾಣುತ್ತದೆ.

ಅಲ್ಲಿಯವರೆಗೆ ಹೋಗದೆಯೂ ನೀನು ನೋಡಬಹುದಾದ ಒಂದಿದೆ. ಮೇ ತಿಂಗಳ ಮಧ್ಯಭಾಗದಲ್ಲಿ, ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ, ಬೀದಿದೀಪವಿಲ್ಲದ ಕಡೆ ದಕ್ಷಿಣಕ್ಕೆ ಮುಖ ಮಾಡಿ ನಿಂತು ಕೈಯನ್ನು ನೀಳವಾಗಿ ಚಾಚು. ದಿಗಂತದಿಂದ ಒಂದು ಗೇಣಿಗೂ ಕಡಿಮೆ ಎತ್ತರದಲ್ಲಿ ಗಾಳಿಪಟದಂಥ ನಾಲ್ಕು ನಕ್ಷತ್ರಗಳು ಕಾಣುತ್ತವೆ. ಅದೇ ನಮ್ಮ ಹಿರಿಯರು ಹೇಳುವ ತ್ರಿಶಂಕು. ಮೂರೂವರೆ ತಾಸು ಬಿಟ್ಟು ನಮೀಬಿಯಾದಲ್ಲಿ ಒಂಬತ್ತು ಗಂಟೆಯಾದಾಗ, ಅದೇ ನಾಲ್ಕು ನಕ್ಷತ್ರಗಳು ಅಲ್ಲಿಯ ಕುರಿಕಾಯುವ ಹುಡುಗಿಯ ತಲೆಯ ಮೇಲೆ, ದಿಗಂತದಿಂದ ನೆತ್ತಿಗೆ ಇರುವ ಎತ್ತರದಲ್ಲಿ ಅರ್ಧಕ್ಕೂ ಮೇಲೇರಿ ನಿಂತಿರುತ್ತವೆ.